ಆಮ್ಲ ಸೋಕದ ರಂಜಕ ಎಲ್ಲರ ನೆಲಕ್ಕೂ ಒದಗದು

ಮಾನ್ಯರೆ,

ರಂಜಕದ (ಫಾಸ್ಫರಸ್) ಗೊಬ್ಬರ ಮತ್ತು ಗಂಧಕಾಮ್ಲದ (ಸಲ್ಫ್ಯೂರಿಕ್ ಆಸಿಡ್) ಕಾರ್ಖಾನೆಗಳು ನಮ್ಮ ದೇಶದಲ್ಲಿ ಬೆಳೆದುಬಂದ ಬಗೆಯನ್ನು ಕುರಿತು ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಲೇಖನ ತಮಗೆ ಬೇಸರ ತಂದಿದೆ. ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರಾದ ತಾವು, "ರೈತರ ಪತ್ರಿಕೆ ಆಸಿಡ್ ಕಾರ್ಖಾನೆಯನ್ನು ಹೊಗಳುವ ಕಾಲ ಬಂತೇ? ನನ್ನ ತೋಟಕ್ಕೆ ಆಸಿಡ್ ಸೋಕದ ರಾಕ್ ಫಾಸ್ಫೇಟ್ ಸಾಕಾಗಿದೆ, ಉಳಿದವರಿಗೇಕೆ ಸಾಲದು?" ಎಂದು ಕೇಳಿದ್ದೀರಿ. ಪತ್ರ ಖಾರವಾಗಿದ್ದರೂ ಲೇಖನವನ್ನು ಕೊನೆಯ ಸಾಲಿನವರೆಗೆ ಓದಿ ಬರೆದಿದ್ದೀರಿ. ಅಂಥ ಓದುಗರಿಗೆ ವಿವರವಾಗಿಯೇ ಉತ್ತರಿಸಬೇಕು.

ತಮ್ಮ ಆತಂಕಕ್ಕೆ ಆಧಾರವಿದೆ. ಡಿಎಪಿಯಂಥ ಗೊಬ್ಬರಕ್ಕೆ ಬೇಕಾದ ರಂಜಕಾಮ್ಲವನ್ನು ರಾಕ್ ಫಾಸ್ಫೇಟ್ ಮತ್ತು ಗಂಧಕಾಮ್ಲದಿಂದ ತಯಾರಿಸುವಾಗ, ಅದರಲ್ಲಿರುವ ರಂಜಕ (ಪೆಂಟಾಕ್ಸೈಡ್ ರೂಪದ ಲೆಕ್ಕದಲ್ಲಿ) ಒಂದು ಟನ್ ಆದರೆ ಸುಮಾರು 5 ಟನ್ ಜಿಪ್ಸಂ ಹಿಂದೆ ಉಳಿಯುತ್ತದೆ. ಅದರಲ್ಲಿ ಫ್ಲೋರೈಡ್ ಇರುತ್ತದೆ, ಅಲ್ಪ ಪ್ರಮಾಣದಲ್ಲಿ ರೇಡಿಯಂ ಕೂಡ ಇರುತ್ತದೆ. ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ಗಣಿ 2005ರ ಕೊನೆಗೆ ನಿಂತರೂ ಲಕ್ಯಾ ಅಣೆಕಟ್ಟೆಯ ಹಿಂದೆ ಗಣಿಯ ಹೂಳು ಹಾಗೆಯೇ ಉಳಿದಿರುವುದನ್ನು ಬಲ್ಲ ಜಿಲ್ಲೆಯವರು ಇಂಥ ರಾಶಿಗಳ ಬಗ್ಗೆ ಪ್ರಶ್ನೆ ಕೇಳಲೇಬೇಕು. ಇಷ್ಟನ್ನು ಒಪ್ಪಿಯೇ ಮುಂದಿನ ಮಾತು ಹೇಳುತ್ತೇನೆ.

ರಾಕ್ ಫಾಸ್ಫೇಟ್ ಎಂದರೆ ಗಣಿಯಿಂದ ತೆಗೆದು ಪುಡಿ ಮಾಡಿದ ಕಲ್ಲು. ಅದು ನೀರಿಗೆ ಕರಗುವುದಿಲ್ಲ, ಅದನ್ನು ಕರಗಿಸುವುದು ಆಮ್ಲ. ಮಲೆನಾಡಿನ ಮಳೆ ತಲೆತಲಾಂತರದಿಂದ ತಮ್ಮ ನೆಲದ ಸುಣ್ಣವನ್ನು ತೊಳೆದುಕೊಂಡು ಹೋಗಿರುವುದರಿಂದ ಅಲ್ಲಿಯ ಮಣ್ಣು ಹುಳಿಯಾಗಿದೆ. ತಮ್ಮ ತೋಟದ ಮಣ್ಣೇ ಒಂದು ನಿಧಾನದ ಆಮ್ಲ ಕಾರ್ಖಾನೆ. ಕಾಫಿ ಗಿಡವೂ ದಶಕಗಟ್ಟಲೆ ಬಾಳುವಂಥದ್ದು, ಈ ವರ್ಷ ಕರಗದ ರಂಜಕ ಬರುವ ವರ್ಷ ಬೇರಿಗೆ ಸಿಕ್ಕರೂ ನಷ್ಟವಿಲ್ಲ. ಆದರೆ ನಮ್ಮ ಹಾಸನದ ಆಲೂಗಡ್ಡೆ ಬೆಳೆಗಾರನ ಸ್ಥಿತಿ ಏನು? ಜಲಂಧರಿನಿಂದ ಬಂದ ಬಿತ್ತನೆ ಗಡ್ಡೆಯನ್ನು ಸಾಲದ ಹಣದಲ್ಲಿ ಕೊಂಡು, ಮುಂಗಾರು ಪೂರ್ವದ ಹದ ನೋಡಿ ನೆಟ್ಟವನಿಗೆ ಮೂರು ತಿಂಗಳ ಆಸುಪಾಸಿನಲ್ಲಿ ಬೆಳೆ ಕೈಗೆ ಬರಬೇಕು. ಆ ಗಿಡದ ಬೇರು ಆಳಕ್ಕೆ ಇಳಿಯುವುದಿಲ್ಲ, ಕಲ್ಲು ಕರಗುವವರೆಗೆ ಕಾಯುವುದೂ ಇಲ್ಲ. ಸುಣ್ಣದ ಅಂಶ ಹೆಚ್ಚಿರುವ ಬಯಲುಸೀಮೆಯ ಹೊಲದಲ್ಲಂತೂ ರಾಕ್ ಫಾಸ್ಫೇಟ್ ಹಾಕಿದಲ್ಲೇ ಬಿದ್ದಿರುತ್ತದೆ. ಅಲ್ಲಿ ಮಣ್ಣು ಮಾಡದ ಕೆಲಸವನ್ನು ಯಾರಾದರೂ ಮೊದಲೇ ಮಾಡಿಕೊಡಬೇಕು. 1842ರಲ್ಲಿ ಇಂಗ್ಲೆಂಡಿನ ಜಾನ್ ಬೆನೆಟ್ ಲಾಸ್, ಗಂಧಕಾಮ್ಲ ಸೇರಿಸಿ ಬೇಗ ಕರಗುವಂತೆ ಮಾಡಿದ ಸೂಪರ್ ಫಾಸ್ಫೇಟ್ ಗೊಬ್ಬರಕ್ಕೆ ಪೇಟೆಂಟ್ ಪಡೆದದ್ದು ಈ ಕೆಲಸಕ್ಕೇ. ನಮ್ಮಲ್ಲಿ 1906ರಲ್ಲಿ ರಾಣಿಪೇಟೆಯಲ್ಲಿ ಆರಂಭವಾದ ಕಾರ್ಖಾನೆಯೂ ಸೂಪರ್ ಫಾಸ್ಫೇಟನ್ನೇ ಮಾಡಿತು. ಆಮೇಲೆ 1967ರಲ್ಲಿ ವಿಶಾಖಪಟ್ಟಣದ ಕೋರಮಂಡಲ್ ಗೊಬ್ಬರ ಕಾರ್ಖಾನೆ ಬಂತು, 1981ರಲ್ಲಿ ನೌರು ಎಂಬ ಪುಟ್ಟ ದ್ವೀಪರಾಷ್ಟ್ರವನ್ನು ಪಾಲುದಾರನಾಗಿ ಮಾಡಿಕೊಂಡು ಪಾರದೀಪ್ ಫಾಸ್ಫೇಟ್ಸ್ ಸ್ಥಾಪನೆಯಾಯಿತು.

ತಾವು ಆಸಿಡ್ ಸೋಕದ ಕೃಷಿಯ ಮಾತಾಡಿದ್ದೀರಿ. ಕೊಳೆರೋಗಕ್ಕೂ ಎಲೆ ತುಕ್ಕಿಗೂ ಬೋರ್ಡೋ ದ್ರಾವಣ ಸಿಂಪಡಿಸದ ಕಾಫಿ ತೋಟ ಅಪರೂಪ. ಆ ದ್ರಾವಣಕ್ಕೆ ಬೇಕಾದ ಮೈಲುತುತ್ತ ತಾಮ್ರ ಮತ್ತು ಗಂಧಕಾಮ್ಲ ಸೇರಿ ಆದದ್ದು. 1925ರಲ್ಲಿ ತಮ್ಮದೇ ಜಿಲ್ಲೆಯ ಬಾಳೆಹೊನ್ನೂರಿನಲ್ಲಿ ಕಾಫಿ ಪ್ರಯೋಗ ಕೇಂದ್ರ ಹುಟ್ಟಲು ಕಾರಣರಾದ, ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್‌ಮನ್, ಅದಕ್ಕೂ ಮುಂಚೆ ಅಡಿಕೆಯ ಕೊಳೆರೋಗಕ್ಕೆ ಇದೇ ಬೋರ್ಡೋ ದ್ರಾವಣವನ್ನು ಮೈಸೂರು ಸೀಮೆಯ ರೈತರಿಗೆ ಕಲಿಸಿಕೊಟ್ಟವರು. ಆಮ್ಲವನ್ನು ಬೈಯುವ ಮೊದಲು ಸ್ಪ್ರೇ ಡ್ರಮ್ಮಿನ ನೀಲಿ ನೀರನ್ನೊಮ್ಮೆ ನೋಡಬೇಕೆಂದು ವಿನಂತಿ.

ಕರಾವಳಿಯ ಗಂಧಕಾಮ್ಲದ ಕಾರ್ಖಾನೆಯೊಂದನ್ನು ನಾನು ಒಳಹೊಕ್ಕು ನೋಡಿದ್ದೇನೆ. ಅಂಗಳದಲ್ಲಿ ಮಳೆಗೆ ನೆನೆದ ಹಳದಿ ಗಂಧಕದ ಗುಡ್ಡೆ, ಪಕ್ಕದ ಹೊಂಡದಲ್ಲಿ ಹಬೆಯ ಕೊಳವೆಗಳ ಶಾಖಕ್ಕೆ ಕರಗಿ ಜೇನುಬಣ್ಣಕ್ಕೆ ತಿರುಗಿದ ಗಂಧಕ. ಅದನ್ನು ಒಣಗಾಳಿಯಲ್ಲಿ ಉರಿಸುತ್ತಾರೆ, ಬಂದ ಅನಿಲವನ್ನು ಕ್ರಿಯೆಯನ್ನು ಚುರುಕುಗೊಳಿಸುವ ವನೇಡಿಯಂ ಪೆಂಟಾಕ್ಸೈಡ್ ಲೇಪಿಸಿದ ಹರಳುಗಳ ಪದರಗಳ ಮೂಲಕ ಹಾಯಿಸುತ್ತಾರೆ. ಆಮೇಲೆ ಅದನ್ನು ನೀರಿನಲ್ಲಿ ಹೀರಿಸಿದರೆ ಹಿಡಿತಕ್ಕೆ ಸಿಗದ ಮಂಜಾಗುತ್ತದೆಂದು ಶೇ. 98ರ ಆಮ್ಲದಲ್ಲೇ ಹೀರಿಸುತ್ತಾರೆ. ಎರಡು ಸಲ ಹೀರಿಸುವ ವಿಧಾನ ಬಂದ ಮೇಲೆ ಗಂಧಕದ ಅನಿಲದಲ್ಲಿ ಶೇ. 99.5ಕ್ಕೂ ಹೆಚ್ಚು ಭಾಗ ಆಮ್ಲವಾಗುತ್ತದೆ, ಚಿಮಣಿಗೆ ಹೋಗುವುದು ಉಳಿದ ಚೂರು ಮಾತ್ರ. ಉರಿಯ ಶಾಖವೂ ವ್ಯರ್ಥವಾಗದೆ ಹಬೆಯಾಗಿ ಟರ್ಬೈನ್ ತಿರುಗಿಸುತ್ತದೆ. ಈ ಗಂಧಕವನ್ನು ಬೇಕೆಂದು ಅಗೆದು ತರಬೇಕಾಗಿಯೂ ಇಲ್ಲ. ಪೆಟ್ರೋಲು, ಡೀಸೆಲ್ಲಿನಿಂದ ತೈಲ ಶುದ್ಧೀಕರಣ ಕಾರ್ಖಾನೆಗಳು ಬೇರ್ಪಡಿಸಿದ ಗಂಧಕವೇ ಬಹುಪಾಲು. ಮಂಗಳೂರಿನಿಂದ ಹಾಸನದ ಮೇಲೆ ಬೆಂಗಳೂರಿಗೆ ಹೋಗುವ ಕೊಳವೆಯಲ್ಲಿ ಹರಿಯುವ ಡೀಸೆಲ್ ಅಷ್ಟು ಶುದ್ಧವಾಗಿರಲು ಗಂಧಕ ಅದರಿಂದ ಹೊರಬಂದಿರಲೇಬೇಕು, ಹೊರಬಂದದ್ದು ಎಲ್ಲಾದರೂ ಉಪಯೋಗಕ್ಕೆ ಬರಲೇಬೇಕು. ಇಷ್ಟನ್ನು ಹಗಲು ರಾತ್ರಿ ಮೂರು ಪಾಳಿಯಲ್ಲಿ ಎಚ್ಚರ ತಪ್ಪದೆ ನಡೆಸುವ ಆಪರೇಟರುಗಳ ಬಗ್ಗೆ ಕನ್ನಡದಲ್ಲಿ ಯಾರು ಬರೆದಿದ್ದಾರೆ?

ನನ್ನ ಮನಸ್ಸಿನ ನೋವು ಇರುವುದು ಇಲ್ಲಿಯೇ. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, 1930ರ ದಶಕದ ಕೊನೆಯ ಹೊತ್ತಿಗೆ, ಬೆಳಗೊಳದಲ್ಲಿ (ನಮ್ಮ ಶ್ರವಣಬೆಳಗೊಳವಲ್ಲ, ಕನ್ನಂಬಾಡಿಯ ಹತ್ತಿರದ್ದು) ಮೈಸೂರು ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್ ತಲೆಯೆತ್ತಿತು. ಅಮೋನಿಯಂ ಸಲ್ಫೇಟ್ ಗೊಬ್ಬರವನ್ನು ನಮ್ಮ ನೆಲದಲ್ಲೇ ಮಾಡುವ ಧೈರ್ಯವನ್ನು ಒಂದು ಸಂಸ್ಥಾನ ತೋರಿದ ಈ ಸಂಗತಿ ನಮ್ಮ ಮಕ್ಕಳಿಗೆ ಗೊತ್ತಿಲ್ಲ. ಕಾಲೇಜುಗಳಲ್ಲಿ ರಸಾಯನಶಾಸ್ತ್ರ ಓದುವುದೆಂದರೆ ಬೇರೆಲ್ಲೂ ಸೀಟು ಸಿಗದವರ ಪಾಡು ಎಂಬ ಭಾವನೆ ಬೆಳೆದಿದೆ. ಪತ್ರಿಕೆಗಳಿಗೆ ಕಾರ್ಖಾನೆ ನೆನಪಾಗುವುದು ಸೋರಿಕೆಯಾದಾಗ, ಗೊಬ್ಬರ ನೆನಪಾಗುವುದು ಸೊಸೈಟಿಯ ಮುಂದೆ ಡಿಎಪಿಗೆ ಸಾಲು ನಿಂತಾಗ. ಆ ಮೂಟೆಯೊಳಗಿನ ರಂಜಕ ಮೊರಾಕ್ಕೊ, ಜೋರ್ಡಾನ್‌ಗಳಂಥ ದೇಶಗಳ ಕಲ್ಲಿನಿಂದ ಬಂದದ್ದು, ಅಲ್ಲಿ ಬೆಲೆ ಏರಿದರೆ ಅರಕಲಗೂಡಿನ ರೈತ ಇಲ್ಲಿ ಪರದಾಡುತ್ತಾನೆ ಎಂಬುದನ್ನು ವಿವರಿಸುವವರಿಲ್ಲ.

ಕಾರ್ಖಾನೆಯನ್ನು ವಿರೋಧಿಸುವವರಿಗೂ ಈ ತಿಳಿವಳಿಕೆ ಬೇಕು. ಜಿಪ್ಸಂ ರಾಶಿಯ ಕೆಳಗೆ ನೀರು ಇಂಗದ ಹಾಸು ಹಾಕಿದ್ದೀರಾ, ಫ್ಲೋರಿನ್ ಬೆರೆತ ಅನಿಲಗಳನ್ನು ತೊಳೆಯುವ ಸ್ಕ್ರಬ್ಬರ್ ನಡೆಯುತ್ತಿದೆಯೇ, ಸಿಮೆಂಟಿಗೂ ಚೌಳು ನೆಲದ ಸುಧಾರಣೆಗೂ ಎಷ್ಟು ಜಿಪ್ಸಂ ಕಳಿಸಿದ್ದೀರಿ ಎಂದು ಕೇಳಬಲ್ಲವನಿಗೆ ಅಧಿಕಾರಿ ಉತ್ತರ ಕೊಡಲೇಬೇಕಾಗುತ್ತದೆ. "ವಿಷದ ಕಾರ್ಖಾನೆ" ಎಂದು ಕೂಗಿದವನಿಗೆ ಸಿಗುವುದು ಪೊಲೀಸ್ ಬಂದೋಬಸ್ತು ಮಾತ್ರ.

ಮುಂದಿನ ಸಂಚಿಕೆಯಲ್ಲಿ ಜಿಪ್ಸಂ ವಿಲೇವಾರಿಯ ಬಗೆಗೇ ಲೇಖನ ಬರಲಿದೆ. ತಾವೂ ತೋಟದ ಮಣ್ಣು ಪರೀಕ್ಷೆಯ ವರದಿಯನ್ನು ಮುಂದಿಟ್ಟುಕೊಂಡು, ರಾಕ್ ಫಾಸ್ಫೇಟನ್ನು ಯಾವ ತಿಂಗಳಲ್ಲಿ, ಎಷ್ಟು, ಹೇಗೆ ಹಾಕುತ್ತೀರೆಂದು ಬರೆದು ಕಳಿಸಿ. ಅದರ ಪಕ್ಕದಲ್ಲೇ ಹಾಸನದ ಆಲೂಗಡ್ಡೆ ಬೆಳೆಗಾರರೊಬ್ಬರ ಗೊಬ್ಬರದ ಲೆಕ್ಕವನ್ನೂ ಅಚ್ಚು ಹಾಕುತ್ತೇವೆ.

– ಸಂಪಾದಕ