ಊಟ ಸರಿಮಾಡಿ ಜಿಮ್ ಸೇರಿದ ಮೇಲೆ ತೂಕ ಹೆಚ್ಚಾಗಿದೆ, ಬಿಟ್ಟುಬಿಡಲೇ?

ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ: ಜಿಮ್ ಬಿಡಬೇಡಿ. ಮೂರು ವಾರಕ್ಕೆ ಬಿಡುವುದಂತೂ ಬೇಡವೇ ಬೇಡ.

ನೀವು ಬರೆದದ್ದು ಇಷ್ಟು. ವಯಸ್ಸು 36, ಕೂತು ಮಾಡುವ ಕೆಲಸ, ಶುರು ಮಾಡಿದ ದಿನ 71 ಕೆ.ಜಿ. ಅನ್ನ ಬಿಟ್ಟು ಮುದ್ದೆ ಊಟ, ಬೆಳಿಗ್ಗೆ ದೋಸೆ–ಉಪ್ಪಿಟ್ಟಿನ ಬದಲು ಮೊಳಕೆಕಾಳು ಮತ್ತು ಹಣ್ಣು, ಸಕ್ಕರೆಯ ಜಾಗಕ್ಕೆ ಬೆಲ್ಲ, ಸಂಜೆಯ ಬೇಕರಿ ತಿಂಡಿ ಬಂದ್ ಮಾಡಿ ಶೇಂಗಾ. ವಾರಕ್ಕೆ ನಾಲ್ಕು ದಿನ ಜಿಮ್, ಮುಗಿಸಿ ಬಂದ ಮೇಲೆ ಉಪ್ಪು ಹಾಕಿದ ನಿಂಬೆ ಪಾನಕ. ಎಂಟನೇ ದಿನ ತೂಕ 72.6, ಮೂರು ವಾರ ಮುಗಿದ ಈಗ 72.8. ಮನೆಯವರು ‘ಸುಮ್ಮನೆ ದುಡ್ಡು ದಂಡ’ ಅನ್ನುತ್ತಿದ್ದಾರೆ, ಟ್ರೇನರ್ ‘ಅದೆಲ್ಲ ಮಸಲ್ ಮೇಡಂ’ ಅನ್ನುತ್ತಿದ್ದಾರೆ.

ಇಬ್ಬರ ಮಾತೂ ಸರಿಯಿಲ್ಲ. ನಾನು ದಾವಣಗೆರೆಯಲ್ಲಿ ಶುಗರ್, ಬಿ.ಪಿ. ಇರುವವರಿಗೆ ಆಹಾರ ಸಲಹೆ ಕೊಡುವ ಕೆಲಸ ಮಾಡುತ್ತೇನೆ. ನಿಮ್ಮ ಹಾಗೆಯೇ ಶ್ರದ್ಧೆಯಿಂದ ಶುರು ಮಾಡಿದವರು ಮೊದಲ ತಿಂಗಳಲ್ಲೇ ತೂಕದ ಯಂತ್ರ ನೋಡಿ ಕೈಚೆಲ್ಲುವುದನ್ನು ಬಹಳ ಸಲ ಕಂಡಿದ್ದೇನೆ. ಅದು ನನಗೆ ನಿಜಕ್ಕೂ ಸಂಕಟದ ವಿಷಯ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಲೆಕ್ಕ ಹಾಕಿ ನೋಡೋಣ. ಮೈಯಲ್ಲಿ ಒಂದು ಕೆ.ಜಿ. ಕೊಬ್ಬು ಕೂಡಬೇಕಾದರೆ ಖರ್ಚಿಗಿಂತ ಸುಮಾರು 7,700 ಕ್ಯಾಲರಿ ಹೆಚ್ಚು ತಿಂದಿರಬೇಕು. ಎಂಟು ದಿನದಲ್ಲಿ ಏರಿದ 1.6 ಕೆ.ಜಿ. ಪೂರ್ತಿ ಕೊಬ್ಬೇ ಆಗಿದ್ದರೆ 12,000ಕ್ಕೂ ಮೀರಿ, ಅಂದರೆ ದಿನಕ್ಕೆ 1,500ರಷ್ಟು ಹೆಚ್ಚುವರಿ. ಮೊದಲಿನ ಊಟದ ಮೇಲೆ ದಿನಾ ಇನ್ನೆರಡು ಪೂರ್ತಿ ಊಟ ಮಾಡಿದ ಹಾಗೆ! ಬೇಕರಿ ಬಿಟ್ಟು ಮೊಳಕೆಕಾಳು ತಿನ್ನುತ್ತಿರುವವರಿಗೆ ಅದು ಆಗದ ಮಾತು. ಇನ್ನೊಂದು ಸುಳಿವೂ ನಿಮ್ಮ ಲೆಕ್ಕದಲ್ಲೇ ಇದೆ. ಮೊದಲ ವಾರ ಸರ್ರನೆ ಏರಿದ ತೂಕ, ಆಮೇಲಿನ ಎರಡು ವಾರದಲ್ಲಿ 200 ಗ್ರಾಂ ಮಾತ್ರ ಸರಿದಿದೆ. ಕೊಬ್ಬು ಹಾಗೆ ಒಮ್ಮೆಲೇ ಏರಿ ನಿಂತುಬಿಡುವುದಿಲ್ಲ. ನೀರಾದರೆ ಹಾಗೆ ಏರಿ ನಿಲ್ಲುತ್ತದೆ.

ನೀರು ಎಲ್ಲಿಂದ ಬಂತು ಅಂದರೆ, ಒಂದಲ್ಲ, ನಾಲ್ಕು ಕಡೆಯಿಂದ. ದೊಡ್ಡ ಪಾಲು ಸ್ನಾಯುಗಳದ್ದು. ಮುದ್ದೆ, ಚಪಾತಿ, ಹಣ್ಣು ಯಾವುದೇ ತಿಂದರೂ ಅದರ ಪಿಷ್ಟ ಮತ್ತು ಸಕ್ಕರೆಯಲ್ಲಿ ಒಂದು ಭಾಗವನ್ನು ದೇಹ ಗ್ಲೈಕೋಜನ್ ಎಂಬ ರೂಪದಲ್ಲಿ ತೆಗೆದಿಡುತ್ತದೆ. ಸಾಮಾನ್ಯವಾಗಿ ಯಕೃತ್ತಿನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ 400 ಗ್ರಾಂ. ವ್ಯಾಯಾಮ ಶುರುವಾದ ಕೂಡಲೇ ‘ನಾಳೆಯೂ ಬೇಕಾಗುತ್ತದೆ’ ಅನ್ನುವಂತೆ ಸ್ನಾಯುಗಳು ಈ ದಾಸ್ತಾನನ್ನು ಹೆಚ್ಚಿಸಿಕೊಳ್ಳುತ್ತವೆ. ಪ್ರತಿ ಗ್ರಾಂ ಗ್ಲೈಕೋಜನ್ ತನ್ನ ಜೊತೆ ಸುಮಾರು 3 ಗ್ರಾಂ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ದಾಸ್ತಾನು 150 ಗ್ರಾಂ ಹೆಚ್ಚಾದರೆ ಯಂತ್ರದ ಮೇಲೆ 600 ಗ್ರಾಂ ಕಾಣುತ್ತದೆ. ರಾತ್ರಿ ನೆನೆಹಾಕಿದ ಕಡಲೆ ಬೆಳಿಗ್ಗೆ ತೂಗಿದರೆ ಹೆಚ್ಚು ಬರುವುದಿಲ್ಲವೇ, ಹಾಗೆ.

(ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಅನ್ನ, ಮುದ್ದೆ, ಚಪಾತಿ ಎಲ್ಲ ಬಿಟ್ಟು ‘ಒಂದೇ ವಾರದಲ್ಲಿ ಮೂರು ಕೆ.ಜಿ. ಇಳಿಸಿದೆ’ ಅನ್ನುವವರು ಎಲ್ಲ ಕಡೆ ಸಿಗುತ್ತಾರೆ. ಅವರು ಇಳಿಸಿದ್ದರಲ್ಲಿ ಬಹುಪಾಲು ಈ ಗ್ಲೈಕೋಜನ್ ಮತ್ತು ಅದರ ನೀರು. ಮದುವೆ ಮನೆಯಲ್ಲಿ ಎರಡು ಹೊತ್ತು ಊಟ ಮಾಡಿದರೆ ವಾಪಸ್. ಅವರ ಇಳಿಕೆ ನೋಡಿ ನೀವು ಕಂಗೆಡಬೇಡಿ.)

ಎರಡನೆಯದು ಮೈನೋವು. ಅಭ್ಯಾಸವಿಲ್ಲದ ಸ್ನಾಯುವಿಗೆ ಭಾರ ಬಿದ್ದಾಗ, ಅದರಲ್ಲೂ ಸ್ಕ್ವಾಟ್‌ನಲ್ಲಿ ನಿಧಾನವಾಗಿ ಕೆಳಗೆ ಕೂರುವಾಗ, ಡಂಬಲ್ ಇಳಿಸುವಾಗ, ಎಳೆಗಳಲ್ಲಿ ತೀರಾ ಸಣ್ಣ ಗಾಯಗಳಾಗುತ್ತವೆ. ರಿಪೇರಿಗೆಂದು ಅಲ್ಲಿಗೆ ನೀರು ಸೇರಿ ಸ್ವಲ್ಪ ಊದುತ್ತದೆ. ಮಾರನೆಯ ದಿನದಿಂದ ಮೂರನೆಯ ದಿನದ ತನಕ ಮೆಟ್ಟಿಲಿಳಿಯಲಾರದಷ್ಟು ತೊಡೆ ನೋಯುವುದು ಇದರಿಂದಲೇ. ವಾರದಲ್ಲಿ ನಾಲ್ಕು ದಿನ ಜಿಮ್ ಅಂದರೆ ಒಂದಲ್ಲ ಒಂದು ಸ್ನಾಯು ಯಾವಾಗಲೂ ರಿಪೇರಿಯಲ್ಲೇ ಇರುತ್ತದೆ. ದೇಹ ಒಗ್ಗಿಕೊಂಡಂತೆ ನೋವೂ ಊತವೂ ಕಡಿಮೆಯಾಗುತ್ತವೆ. ಮೂರನೆಯದು ರಕ್ತದ ನೀರಿನಂಶ. ದಿನಾ ಬೆವರು ಬರುವ ಹಾಗೆ ನಡೆದರೆ, ಓಡಿದರೆ ಒಂದೆರಡು ವಾರದಲ್ಲೇ ಇದು ಇನ್ನೂರು ಮುನ್ನೂರು ಮಿ.ಲೀ. ಹೆಚ್ಚುವುದುಂಟು. ಹೃದಯಕ್ಕೆ ಇದು ಒಳ್ಳೆಯದೇ.

ನಾಲ್ಕನೆಯದು ಉಪ್ಪು. ಆಸ್ಪತ್ರೆಯಲ್ಲಿ ಏರಿಸುವ ಸಲೈನ್ ಬಾಟಲಿ ಗೊತ್ತಲ್ಲ, ಅದರಲ್ಲಿ ಲೀಟರಿಗೆ 9 ಗ್ರಾಂ ಉಪ್ಪಿರುತ್ತದೆ. ದೇಹವೂ ಹೆಚ್ಚು ಕಡಿಮೆ ಅದೇ ಅಳತೆ ಕಾಯ್ದುಕೊಳ್ಳುತ್ತದೆ. ಮೂರು ಗ್ರಾಂ ಉಪ್ಪು ಹೆಚ್ಚಾಗಿ ಒಳಗೆ ಉಳಿದರೆ, ಮೂತ್ರಪಿಂಡ ಅದನ್ನು ಹೊರಹಾಕುವ ತನಕ 300 ಮಿ.ಲೀ.ನಷ್ಟು ನೀರನ್ನೂ ಹಿಡಿದಿಟ್ಟುಕೊಂಡಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ. ಸಾರು, ಪಲ್ಯ, ಉಪ್ಪಿನಕಾಯಿ, ಹಪ್ಪಳ, ಮಜ್ಜಿಗೆ ಸೇರಿದ ನಮ್ಮ ಊಟದಲ್ಲೇ ಅದು ದಾಟಿಹೋಗುತ್ತದೆ. ಒಂದು ಗಂಟೆ ಜಿಮ್ ಮಾಡಿದ್ದಕ್ಕೆ ಮತ್ತೆ ಉಪ್ಪಿನ ಪಾನಕ ಬೇಕಿಲ್ಲ, ನೀರು ಸಾಕು. ಉರಿಬಿಸಿಲಲ್ಲಿ ಗಂಟೆಗಟ್ಟಲೆ ದುಡಿಯುವವರ ಮಾತು ಬೇರೆ.

ಇನ್ನು ಕಾಳು, ಸೊಪ್ಪು, ಹಣ್ಣು ಹೆಚ್ಚಾದಾಗ ಕರುಳಲ್ಲಿರುವ ಪದಾರ್ಥದ ತೂಕವೂ ತುಸು ಹೆಚ್ಚುತ್ತದೆ. ಮುಟ್ಟಿಗೆ ಮುಂಚಿನ ವಾರ ಒಂದು ಕೆ.ಜಿ., ಕೆಲವರಿಗೆ ಎರಡು ಕೆ.ಜಿ. ತನಕ ನೀರು ನಿಲ್ಲುತ್ತದೆ. ಆದ್ದರಿಂದ ಈ ತಿಂಗಳ ತೂಕವನ್ನು ಹೋದ ತಿಂಗಳ ಅದೇ ದಿನಗಳ ಜೊತೆ ಹೋಲಿಸಬೇಕೇ ಹೊರತು ಹೋದ ವಾರದ ಜೊತೆ ಅಲ್ಲ.

ಟ್ರೇನರ್ ಹೇಳಿದ ‘ಮಸಲ್’ ಬಗ್ಗೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿರುತ್ತಾರೆ, ಆದರೆ ಎಂಟು ದಿನದಲ್ಲಿ ಒಂದೂವರೆ ಕೆ.ಜಿ. ಸ್ನಾಯು ಯಾರಿಗೂ ಬೆಳೆಯುವುದಿಲ್ಲ. ಅದಕ್ಕೆ ತಿಂಗಳುಗಳೇ ಬೇಕು. ಈ ಮಾತನ್ನು ನಂಬಿ ಕೂತರೆ ಇನ್ನೊಂದು ಅಪಾಯವೂ ಇದೆ: ಮೂರು ತಿಂಗಳಾದ ಮೇಲೆ ನಿಜವಾಗಿಯೇ ಕೊಬ್ಬು ಏರುತ್ತಿದ್ದರೂ ಮಸಲ್ ಎಂದೇ ಸಮಾಧಾನ ಮಾಡಿಕೊಳ್ಳುತ್ತೀರಿ.

ಹಾಗಾಗಿ ನಿಮ್ಮ ಅಡುಗೆಮನೆಯನ್ನೂ ಒಮ್ಮೆ ನೋಡೋಣ. ಮುದ್ದೆ ಒಳ್ಳೆಯದು, ಎರಡು ಮಾತಿಲ್ಲ. ಆದರೆ ಮುದ್ದೆ ತಿಂದರೆ ತಾನಾಗಿ ಸಣ್ಣಗಾಗುತ್ತೇವೆ ಎನ್ನುವ ನಂಬಿಕೆ ಬಲವಾಗಿ ಕೂತಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲರಿ, ಅಷ್ಟೇ ಅಕ್ಕಿಯಲ್ಲಿ 356. ಅಂತರ ಅಷ್ಟೇ. ರಾಗಿ ಗೆಲ್ಲುವುದು ನಾರಿನಂಶದಲ್ಲಿ: 11 ಗ್ರಾಂ, ಅಕ್ಕಿಯಲ್ಲಿ 3 ಗ್ರಾಂಗೂ ಕಡಿಮೆ. ಹೊಟ್ಟೆ ಬೇಗ ತುಂಬಿ, ತುಂಬಿದ ಹಾಗೆ ಹೆಚ್ಚು ಹೊತ್ತು ಇರುವುದೇ ಅದರ ಲಾಭ. ಆ ಲಾಭ ಸಿಗಬೇಕಾದರೆ ಒಂದು ಮುದ್ದೆಗೆ ಏಳಬೇಕು. ಎರಡು ದೊಡ್ಡ ಮುದ್ದೆಗೆ 200 ಗ್ರಾಂ ಹಿಟ್ಟು ಹಿಡಿದರೆ ಅಲ್ಲೇ 640 ಕ್ಯಾಲರಿ ಆಯಿತು, ಸಾರು ಬಿಟ್ಟು.

ಶೇಂಗಾ ಬಗ್ಗೆ ನೀವು ‘ಸಂಜೆ ಸ್ವಲ್ಪ’ ಎಂದು ಬರೆದಿದ್ದೀರಿ. ನನ್ನ ಕೆಲಸದಲ್ಲಿ ನಾನು ಹೆಚ್ಚು ಕೆದಕಿ ಕೇಳುವುದೇ ಈ ‘ಸ್ವಲ್ಪ’ವನ್ನು. 30 ಗ್ರಾಂ, ಅಂದರೆ ಒಂದು ಹಿಡಿಗೆ 170 ಕ್ಯಾಲರಿ. ಟಿ.ವಿ. ನೋಡುತ್ತಾ ಬಟ್ಟಲಿನಿಂದ ತಿಂದರೆ ಮೂರು ಹಿಡಿ ಹೋದದ್ದೇ ಗೊತ್ತಾಗುವುದಿಲ್ಲ, ಬಿಟ್ಟ ಬೇಕರಿ ಪಫ್ಸ್‌ಗಿಂತ ಜಾಸ್ತಿಯೇ ಆಗುತ್ತದೆ. ಶೇಂಗಾ ಬಿಡಬೇಡಿ, ಒಂದು ಹಿಡಿ ತೆಗೆದುಕೊಂಡು ಡಬ್ಬಿ ಮುಚ್ಚಿಡಿ. ಬೆಲ್ಲಕ್ಕೂ ಸಕ್ಕರೆಗೂ ಕ್ಯಾಲರಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ, ಬೆಲ್ಲ ಎಂದು ಎರಡು ಚಮಚ ಹಾಕಿದರೆ ನಷ್ಟವೇ. ಪಲ್ಯದ ಒಗ್ಗರಣೆಯಲ್ಲಿ ಒಂದು ದೊಡ್ಡ ಚಮಚ ಎಣ್ಣೆ 120 ಕ್ಯಾಲರಿ. ತಿಂಗಳಿಗೆ ಮನೆಗೆ ಎಷ್ಟು ಲೀಟರ್ ಎಣ್ಣೆ ಬರುತ್ತದೆ, ಎಷ್ಟು ಜನ ಇದ್ದೀರಿ ಎಂದು ಭಾಗಿಸಿ ನೋಡಿದರೆ ಬೇರೆ ಯಾವ ಲೆಕ್ಕಕ್ಕಿಂತ ನಿಜ ತಿಳಿಯುತ್ತದೆ. ನಿಮ್ಮ ತೂಕದವರು ಒಂದು ಗಂಟೆ ಜಿಮ್‌ನಲ್ಲಿ ಖರ್ಚು ಮಾಡುವುದು ಸುಮಾರು 250ರಿಂದ 350 ಕ್ಯಾಲರಿ. ‘ಇವತ್ತು ಜಿಮ್ ಆಯಿತಲ್ಲ’ ಎಂದು ಇನ್ನೊಂದು ಮುದ್ದೆ ಹಾಕಿಸಿಕೊಂಡರೆ ಅದು ಅಲ್ಲಿಗೇ ವಜಾ.

ತೂಕ ನೋಡುವ ಕ್ರಮ ಹೀಗಿರಲಿ. ಒಂದೇ ಯಂತ್ರ, ಬೆಳಿಗ್ಗೆ ಶೌಚ ಮುಗಿಸಿ, ಏನೂ ಕುಡಿಯುವ ಮುಂಚೆ. ದಿನಾ ನೋಡಿದರೆ ಮನಸ್ಸು ಕೆಡುತ್ತದೆ ಅನ್ನಿಸಿದರೆ ವಾರಕ್ಕೊಮ್ಮೆ ಸಾಕು. ದಿನಾ ನೋಡುವ ಧೈರ್ಯವಿದ್ದರೆ ಏಳು ದಿನದ ಸರಾಸರಿ ತೆಗೆದು ಅದನ್ನೇ ಬರೆದಿಡಿ. ಅದಕ್ಕಿಂತ ಮುಖ್ಯವಾಗಿ ಟೈಲರ್ ಟೇಪ್ ಒಂದು ತಂದು ಸೊಂಟ ಅಳೆಯಿರಿ: ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟ ಮೇಲೆ, ಹೊಟ್ಟೆ ಒಳಗೆಳೆಯದೆ. ನಮ್ಮವರಲ್ಲಿ ಹೆಂಗಸರಿಗೆ 80 ಸೆಂ.ಮೀ., ಗಂಡಸರಿಗೆ 90 ಸೆಂ.ಮೀ. ದಾಟಿದರೆ ಶುಗರ್, ಹೃದಯದ ಕಾಯಿಲೆಯ ಅಪಾಯ ಹೆಚ್ಚು. ತೂಕ ನಿಂತಲ್ಲೇ ನಿಂತು ಸೊಂಟ ಎರಡು ಸೆಂ.ಮೀ. ಇಳಿದರೆ ಕೊಬ್ಬು ಕರಗುತ್ತಿದೆ ಎಂದೇ ಅರ್ಥ.

ಕಾಯದೆ ಡಾಕ್ಟರ ಹತ್ತಿರ ಹೋಗಬೇಕಾದ ಸಂದರ್ಭಗಳೂ ಇವೆ, ದಯವಿಟ್ಟು ಗಮನವಿಟ್ಟು ಓದಿ. ಎರಡು ಮೂರು ದಿನದಲ್ಲೇ ಎರಡು ಕೆ.ಜಿ. ಏರಿ ಪಾದ ಊದಿಕೊಂಡರೆ, ಒತ್ತಿದ ಬೆರಳಿನ ಗುಳಿ ಹಾಗೇ ಉಳಿದರೆ, ಮಲಗಿದಾಗ ಉಸಿರು ಕಟ್ಟಿದರೆ ಅದು ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರಬಹುದು, ಅದೇ ದಿನ ಹೋಗಿ. ಜಿಮ್ ಆದ ಮೇಲೆ ತಡೆಯಲಾರದ ಸ್ನಾಯುನೋವಿನ ಜೊತೆ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ಬಂದರೂ ತಡಮಾಡಬಾರದು. ಇನ್ನು ಸದಾ ಸುಸ್ತು, ಬೇರೆಯವರಿಗೆ ಇಲ್ಲದ ಚಳಿ, ಮಲಬದ್ಧತೆ, ಕೂದಲು ಉದುರುವುದು ಇದ್ದರೆ ಥೈರಾಯ್ಡ್ ಸರಿಯಿದೆಯೇ ಎಂದು ತಿಳಿಯಲು ಟಿ.ಎಸ್.ಎಚ್. ರಕ್ತಪರೀಕ್ಷೆ ಮಾಡಿಸಿ. ಮುಟ್ಟು ತಪ್ಪಿದ್ದರೆ ಗರ್ಭಪರೀಕ್ಷೆ ಮೊದಲು, ಅದಲ್ಲದಿದ್ದರೆ ಪಿ.ಸಿ.ಓ.ಎಸ್. (ಹಾರ್ಮೋನು ಏರುಪೇರಾಗಿ ಮುಟ್ಟು ತಪ್ಪುವ ತೊಂದರೆ) ಬಗ್ಗೆ ಕೇಳಿ. ಸ್ಟೀರಾಯ್ಡ್, ಇನ್ಸುಲಿನ್, ಮನಸ್ಸಿನ ಕಾಯಿಲೆಯ ಕೆಲವು ಔಷಧಗಳಿಂದಲೂ ತೂಕ ಏರುತ್ತದೆ. ಹಾಗೆಂದು ಔಷಧವನ್ನು ನೀವಾಗಿಯೇ ನಿಲ್ಲಿಸಬೇಡಿ, ಬರೆದುಕೊಟ್ಟವರನ್ನೇ ಕೇಳಿ.

ಇವು ಯಾವುವೂ ಇಲ್ಲದಿದ್ದರೆ ಇನ್ನೂ ನಾಲ್ಕೈದು ವಾರ ಹೀಗೇ ಮುಂದುವರಿಸಿ, ಉಪ್ಪಿನ ಪಾನಕ ಬಿಟ್ಟು, ಶೇಂಗಾ ಹಿಡಿಯಲ್ಲಿ ಅಳೆದು. ಆಗಲೂ ತೂಕ, ಸೊಂಟ ಎರಡೂ ಕದಲದಿದ್ದರೆ ಇಲ್ಲೇ ಬರೆಯಿರಿ. ಮೂರು ದಿನ ತಿಂದದ್ದು ಕುಡಿದದ್ದು ಎಲ್ಲ ಬರೆದು ಕಳಿಸಿ, ಕಾಫಿಯ ಸಕ್ಕರೆ, ಮಕ್ಕಳ ತಟ್ಟೆಯಲ್ಲಿ ಉಳಿದದ್ದು ಸೇರಿಸಿ. ನಾನು ಓದಿ ಎಲ್ಲಿ ಬದಲಾಯಿಸಬಹುದು ಎಂದು ಹೇಳುತ್ತೇನೆ.