13 ಕಿಲೋಮೀಟರ್ ತಾನೇ ಅಂತ ಕುಮಾರ ಪರ್ವತಕ್ಕೆ ಹೊರಟ್ರೆ

ಪ್ರಶ್ನೆ: ನಮಸ್ತೆ ಸರ್. ಕಾಲೇಜಿನ ಗೆಳೆಯರೆಲ್ಲ ಸೇರಿ ಬೆನ್ನಿಗೊಂದು ಬ್ಯಾಗ್ ಹಾಕ್ಕೊಂಡು ಕುಕ್ಕೆ, ಮಡಿಕೇರಿ, ಸಕಲೇಶಪುರ ಅಂತ ಒಂದು ವಾರ ಸುತ್ತೋಕೆ ಹೊರಟಿದ್ವಿ. ಮೊದಲನೇದೇ ಕುಮಾರ ಪರ್ವತ. ಒಂದ್ಕಡೆಗೆ 13 ಕಿಲೋಮೀಟರ್ ಅಷ್ಟೇ, ದಿನಾ ಪಾರ್ಕಲ್ಲಿ ಅದರ ಅರ್ಧ ನಡೀತೀಯಲ್ಲ ಅಂದ್ರು, ನಾನೂ ಸರಿ ಅಂದೆ. ರಾತ್ರಿ ಬಸ್ಸಲ್ಲಿ ನಿದ್ದೆ ಇಲ್ಲ, ಬೆಳಗ್ಗೆ ಇಳಿದೋರೇ ಪೂರ್ತಿ ವಾರದ ಬಟ್ಟೆ ತುಂಬಿರೋ ಬ್ಯಾಗ್ ಹೊತ್ಕೊಂಡೇ ಹತ್ತೋಕೆ ಶುರು ಮಾಡಿದ್ವಿ. ದಾರಿ ಮಧ್ಯೆ ಸಿಗೋ ಭಟ್ಟರ ಮನೆ ಮುಟ್ಟೋಷ್ಟ್ರಲ್ಲೇ ಕಾಲು ನಡುಗ್ತಿತ್ತು. ಹೆಂಗೋ ಕಲ್ಲು ಮಂಟಪ ದಾಟಿ ಶೇಷ ಪರ್ವತದ ಮೇಲೆ ನಿಂತು ಅಬ್ಬಾ ಮುಗೀತು ಅಂದ್ಕೊಂಡ್ರೆ ಎದುರಿಗೆ ಇನ್ನೊಂದು ಬೆಟ್ಟ, ಅದಂತೆ ಕುಮಾರ ಪರ್ವತ. ಅಳುನೇ ಬಂದ್ಬಿಡ್ತು. ನೀನು ನಿಧಾನಕ್ಕೆ ಬಾ ಅಂತ ಎಲ್ರೂ ಮುಂದೆ ಹೋದ್ರು, ಆ ಕಾಡಿನ ಇಳಿಜಾರಲ್ಲಿ ನಾನೊಬ್ನೇ. ವಾಪಸ್ ಇಳಿಯುವಾಗ ಮಂಡಿ ಕೈಕೊಡ್ತು, ಊರಿಗೆ ಬಂದ ಮೇಲೂ ಎರಡ್ಮೂರು ದಿನ ಮೆಟ್ಟಿಲು ಇಳಿಯೋಕಾಗ್ಲಿಲ್ಲ. ನಾನು ಅಷ್ಟೊಂದು ವೀಕಾ? ಈಗ ಕೊಡಗಿನ ಬೆಟ್ಟ ತಡಿಯಂಡಮೋಳ್‌ಗೆ ಕರೀತಿದ್ದಾರೆ, ಹೋಗ್ಲಾ ಬಿಡ್ಲಾ?
– ಒಬ್ಬ ಓದುಗ, ದಾವಣಗೆರೆ

ಉತ್ತರ: ವೀಕ್ ಅನ್ನೋ ಮಾತನ್ನ ಮೊದ್ಲು ತಲೆಯಿಂದ ತೆಗೀರಿ. ನಿದ್ದೆಗೆಟ್ಟು, ವಾರದ ಲಗೇಜ್ ಹೊತ್ಕೊಂಡು ಶೇಷ ಪರ್ವತದ ತನಕ ಹೋಗಿದ್ದೀರಿ, ಅದೇನು ಸಣ್ಣ ಕೆಲಸ ಅಲ್ಲ.

ಲೆಕ್ಕ ತಪ್ಪಿರೋದು ಆ 13 ಕಿಲೋಮೀಟರಲ್ಲಿ. ಬೆಟ್ಟಕ್ಕೆ ಕಿಲೋಮೀಟರ್ ನೋಡಿ ಹೊರಡೋರು ಎಲ್ರೂ ಹೀಗೇ ಸಿಕ್ಕಾಕೊಳ್ತಾರೆ. ಕುಕ್ಕೆ ಊರು ಇರೋದು ಸಮುದ್ರಮಟ್ಟದಿಂದ ನೂರು ಚಿಲ್ಲರೆ ಮೀಟರ್ ಎತ್ತರದಲ್ಲಿ, ಕುಮಾರ ಪರ್ವತದ ತುದಿ 1712 ಮೀಟರ್. ಅಂದ್ರೆ ಹೆಚ್ಚುಕಮ್ಮಿ 1600 ಮೀಟರ್ ಬರೀ ಏರು. 1892ರಲ್ಲಿ ವಿಲಿಯಂ ನೈಸ್ಮಿತ್ ಅಂತ ಸ್ಕಾಟ್ಲೆಂಡಿನ ಒಬ್ಬ ಪರ್ವತಾರೋಹಿ ಒಂದು ಸುಲಭದ ಲೆಕ್ಕ ಹೇಳಿಕೊಟ್ಟ, ಈಗ್ಲೂ ಟ್ರೆಕ್ ಮಾಡೋರು ಅದನ್ನೇ ಹಿಡೀತಾರೆ: 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ ಸೇರ್ಸಿ. ನಿಮ್ಮ ದಾರಿಗೆ ಹಾಕಿ ನೋಡಿ, ಐದು ಗಂಟೆ ದಾಟುತ್ತೆ, ಅದೂ ಅಭ್ಯಾಸ ಇರೋರು ಎಲ್ಲೂ ಕೂರದೆ, ಫೋಟೋ ತೆಗೀದೆ, ಒಳ್ಳೇ ದಾರೀಲಿ ನಡೆದ್ರೆ. ಹೊಸಬರಿಗೆ, ಭಾರ ಹೊತ್ತೋರಿಗೆ, ಬೇರು ಕಲ್ಲು ತುಂಬಿರೋ ಆ ದಾರೀಲಿ ಎಂಟು ಗಂಟೆ ಹಿಡಿದ್ರೂ ಆಶ್ಚರ್ಯ ಇಲ್ಲ. ಪಾರ್ಕಲ್ಲಿ ನಡೆಯೋ ಅಭ್ಯಾಸ ಒಳ್ಳೇದೇ, ಆದ್ರೆ ಪಾರ್ಕಲ್ಲಿ ಏರು ಎಲ್ಲಿದೆ?

ಇನ್ನು ಆ ದಾರಿಯ ಗುಣ. ಭಟ್ಟರ ಮನೆ ತನಕ ದಟ್ಟ ಕಾಡು, ನೆರಳಿದೆ ಅಂತ ಖುಷಿ ಆಗುತ್ತೆ, ಆದ್ರೆ ಗಾಳಿ ಆಡಲ್ಲ, ತೇವ ಜಾಸ್ತಿ, ಬೆವರು ಹರಿಯುತ್ತೆ ಹೊರತು ಆರಲ್ಲ. ಬೆವರು ಆರಿದ್ರೆ ತಾನೇ ಮೈ ತಣ್ಣಗಾಗೋದು! ಹಾಗಾಗಿ ನೆರಳಲ್ಲೇ ಮೈ ಕಾದು ಸುಸ್ತು ಹೊಡೆಯುತ್ತೆ. ಅಲ್ಲಿಂದ ಮೇಲೆ ಬೋಳು ಹುಲ್ಲುಗಾವಲು, ತಲೆ ಮೇಲೆ ನೇರ ಬಿಸಿಲು, ಒಂದು ಮರ ಸಿಗಲ್ಲ. ನೀವು ಅಲ್ಲಿಗೆ ಬರೋ ಹೊತ್ತಿಗೆ ಬಿಸಿಲು ಏರಿರುತ್ತೆ, ಬಾಟಲಿ ಅರ್ಧ ಖಾಲಿ ಆಗಿರುತ್ತೆ. ಶೇಷ ಪರ್ವತದ ಮೇಲೆ ನಿಮಗೆ ಅಳು ಬಂತು ಅಂದ್ರಲ್ಲ, ಆ ಜಾಗದಲ್ಲಿ ತುಂಬಾ ಜನರ ಧೈರ್ಯ ಕುಸಿಯುತ್ತೆ. ಕೆಳಗಿಂದ ನೋಡಿದ್ರೆ ಅದೇ ಶಿಖರದ ಥರ ಕಾಣ್ಸುತ್ತೆ, ಹತ್ತಿ ನಿಂತ ಮೇಲೆ ಗೊತ್ತಾಗೋದು, ಇನ್ನೂ ಶೋಲಾ ಅನ್ನೋ ಬೆಟ್ಟದ ಸಂದಿಯ ಕಾಡಿನೊಳಗೆ ಇಳಿದು, ಬಂಡೆ ಹತ್ತಿ ಆಚೆ ಹೋಗ್ಬೇಕು, ಬರುವಾಗ ಆ ಇಳಿದಿದ್ದನ್ನ ಮತ್ತೆ ಹತ್ಬೇಕು ಅಂತ. ಮೊದ್ಲೇ ಯಾರಾದ್ರೂ ಹೇಳಿದ್ರೆ ಮನಸ್ಸು ಸಿದ್ಧ ಆಗಿರೋದು.

ಮಂಡಿ ವಿಷಯ ಬೇರೆ. ಹತ್ತುವಾಗ ದಮ್ಮು ಕಟ್ಟುತ್ತೆ, ಇಳಿಯುವಾಗ ತೊಡೆ ಮಂಡಿ ಹೋಗುತ್ತೆ. ಇಳಿಯೋ ಪ್ರತಿ ಹೆಜ್ಜೆಗೂ ತೊಡೆಯ ಮುಂದಿನ ಸ್ನಾಯು ಎಳೆದಂಗಾಗ್ತಾನೇ ಬ್ರೇಕ್ ಹಿಡೀಬೇಕು, ಸ್ನಾಯುಗೆ ಸಣ್ಣ ಸಣ್ಣ ಪೆಟ್ಟು ಬೀಳೋದು ಆಗಲೇ. ಅದಕ್ಕೇ ನೋವು ಅವತ್ತಿಗಿಂತ ಮಾರನೇ ದಿನ, ಅದರ ಮಾರನೇ ದಿನ ಜೋರು, ಆಮೇಲೆ ತಾನಾಗೇ ಇಳಿಯುತ್ತೆ. ನಿಮ್ಮದು ಅದೇ ಥರ ಕಾಣ್ಸುತ್ತೆ. ಮಂಡಿ ಊದ್ಕೊಂಡಿದ್ರೆ, ಅಥವಾ ಇನ್ನೂ ನೋವಿದ್ರೆ ಮೂಳೆ ಡಾಕ್ಟರಿಗೆ ಒಮ್ಮೆ ತೋರ್ಸಿ. ಇನ್ನೊಂದು ಮಾತು, ಇದನ್ನ ಎಲ್ರೂ ನೆನಪಿಟ್ಕೊಳ್ಳಿ: ಇಂಥ ದಣಿವಾದ ಮೇಲೆ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ರೆ ಮನೇಲಿ ಕೂರಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ಸ್ನಾಯು ಒಡೆದು ಕಿಡ್ನಿಗೆ ಹೊಡೆತ ಬೀಳೋ ಸೂಚನೆ ಅದು.

ನಿಮ್ಮ ಪತ್ರದಲ್ಲಿ ನನಗೆ ನಿಜಕ್ಕೂ ಹೆದರಿಕೆ ಆಗಿದ್ದು ಇದ್ಯಾವುದೂ ಅಲ್ಲ. ನಿಮ್ಮನ್ನ ಕಾಡಲ್ಲಿ ಒಬ್ರನ್ನೇ ಬಿಟ್ಟು ಮುಂದೆ ಹೋದ್ರಲ್ಲ, ಅದು. ಅದು ಪುಷ್ಪಗಿರಿ ವನ್ಯಧಾಮ, ಆನೆ, ಕಾಡುಕೋಣ ಓಡಾಡೋ ಜಾಗ, ಮಂಜು ಇಳಿದ್ರೆ ಹತ್ತು ಮಾರು ದೂರದ ದಾರಿ ಕಾಣಲ್ಲ, ನೆಟ್‌ವರ್ಕ್ ನಂಬೋ ಹಾಗಿಲ್ಲ. ಸುಸ್ತಾದೋನು ಕಾಲು ಉಳುಕಿ ಬಿದ್ರೆ ಮುಂದಿದ್ದೋರಿಗೆ ಗೊತ್ತಾಗೋದು ಯಾವಾಗ? ನಿಮ್ಮ ಗೆಳೆಯರು ಕೆಟ್ಟೋರು ಅಂತ ನಾನು ಹೇಳ್ತಿಲ್ಲ, ಶಿಖರ ಕಣ್ಣಿಗೆ ಬಿದ್ದ ಹುರುಪಲ್ಲಿ ಹೋಗಿರ್ತಾರೆ. ಆದ್ರೂ ಈ ಮಾತನ್ನ ಅವರ ಮುಂದೆ ನೇರವಾಗಿ ಆಡಿ, ಮನಸ್ಸಲ್ಲಿ ಇಟ್ಕೊಂಡು ಕೊರಗಬೇಡಿ. ಎಲ್ರಿಗಿಂತ ನಿಧಾನ ಇರೋರು ಮುಂದೆ ನಡೀಬೇಕು, ಗಟ್ಟಿ ಇರೋ ಒಬ್ರು ಕೊನೇಲಿ ಬರಬೇಕು, ಇಷ್ಟು ಗಂಟೆಗೆ ಎಲ್ಲಿದ್ರೂ ವಾಪಸ್ ತಿರುಗೋದು ಅಂತ ಹೊರಡೋ ಮುಂಚೆನೇ ಮಾತಾಡ್ಕೊಂಡಿರ್ಬೇಕು. ಇದಕ್ಕೆ ಒಪ್ಪದ ಗುಂಪಿನ ಜೊತೆ ತಡಿಯಂಡಮೋಳ್ ಅಲ್ಲ, ಯಾವ ಬೆಟ್ಟಕ್ಕೂ ಹೋಗಬೇಡಿ.

ಒಪ್ಪಿದ್ರೆ ಖಂಡಿತ ಹೋಗಿ. ತಡಿಯಂಡಮೋಳ್ 1748 ಮೀಟರ್, ಕುಮಾರ ಪರ್ವತಕ್ಕಿಂತ ಎತ್ತರ, ಆದ್ರೆ ಕಕ್ಕಬ್ಬೆ ಹತ್ರ ನಾಲ್ಕುನಾಡು ಅರಮನೆ ಕಡೆಯಿಂದ ನಡಿಗೆ ಶುರುವಾಗೋ ಜಾಗವೇ ಸಾಕಷ್ಟು ಮೇಲಿರೋದ್ರಿಂದ ನೀವು ಹತ್ತೋದು ತುಂಬಾ ಕಮ್ಮಿ. ಹಿಂದಿನ ರಾತ್ರಿ ಅಲ್ಲೇ ಹತ್ರ ಉಳ್ಕೊಂಡು ನಿದ್ದೆ ಮಾಡಿ. ದೊಡ್ಡ ಬ್ಯಾಗನ್ನ ರೂಮಲ್ಲೇ ಬಿಟ್ಟು ನೀರು, ತಿಂಡಿ, ಟಾರ್ಚ್, ಮಳೆ ಕೋಟು ಅಷ್ಟೇ ಹೊರಿ. ಬರೀ ನೀರು ಕುಡೀತಾ ಹೋಗಬೇಡಿ, ಬೆವರಲ್ಲಿ ಉಪ್ಪೂ ಹೋಗಿರುತ್ತೆ, ಒಂದು ಲೀಟರ್ ನೀರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕಲ್ಸಿ ಇಟ್ಕೊಳ್ಳಿ. ಈಗಿಂದಲೇ ಮನೆ ಹತ್ರ ಮೆಟ್ಟಿಲು ಹತ್ತಿ ಇಳೀರಿ, ಇಳಿಯೋದನ್ನ ತಪ್ಪಿಸಬೇಡಿ.

ಪ್ರಶ್ನೆ: ಮಗ ಟ್ರೆಕ್ ಮುಗಿಸಿ ಬಂದಾಗ ಕಾಲ್ಚೀಲವೆಲ್ಲ ರಕ್ತ. ಉಂಬಳ ಅಂತೆ. ಏನಾದ್ರೂ ವಿಷ ಇರುತ್ತಾ?
– ಒಬ್ಬ ತಾಯಿ, ತುಮಕೂರು

ಉತ್ತರ: ವಿಷ ಇಲ್ಲಮ್ಮ, ಗಾಬರಿ ಆಗಬೇಡಿ. ಉಂಬಳ ಅಂದ್ರೆ ಕಾಡಿನ ಜಿಗಣೆ, ಅದರ ಎಂಜಲಲ್ಲಿ ಹಿರುಡಿನ್ ಥರದ ಒಂದು ಅಂಶ ಇದೆ, ಅದು ರಕ್ತ ಹೆಪ್ಪುಗಟ್ಟೋಕೆ ಬಿಡಲ್ಲ, ಅದಕ್ಕೇ ಅದು ಬಿದ್ದು ಹೋದ ಮೇಲೂ ಎಷ್ಟೋ ಹೊತ್ತು ರಕ್ತ ಸೋರುತ್ತೆ. ಸೋಪು ನೀರಲ್ಲಿ ತೊಳೆದು ಬಟ್ಟೆಯಲ್ಲಿ ಒತ್ತಿ ಕಟ್ಟಿದ್ರೆ ಸಾಕು. ನವೆ ಬರುತ್ತೆ, ಕೆರೆದ್ರೆ ಕೀವಾಗಬಹುದು. ಕಚ್ಕೊಂಡಿರುವಾಗ ಕಿತ್ತು ಎಳೆಯೋದು, ಬೆಂಕಿ ತಾಗ್ಸೋದು ಬೇಡ, ಬಾಯಿ ಇರೋ ತುದಿ ಹತ್ರ ಉಗುರು ಜಾರಿಸಿದ್ರೆ ಬಿಟ್ಕೊಳ್ಳುತ್ತೆ. ರಕ್ತ ತೆಳುವಾಗೋ ಮಾತ್ರೆ ತಗೊಳ್ಳೋರು ಮಾತ್ರ ಡಾಕ್ಟರನ್ನ ಕೇಳಿ.

ಪ್ರಶ್ನೆ: ಕುಮಾರ ಪರ್ವತಕ್ಕೆ ಸುಮ್ನೆ ಹೋಗಿ ಗೇಟಲ್ಲಿ ಟಿಕೆಟ್ ತಗೊಂಡ್ರೆ ಆಗುತ್ತಾ?
– ಒಬ್ಬ ವಿದ್ಯಾರ್ಥಿನಿ, ಬೆಂಗಳೂರು

ಉತ್ತರ: ಅದನ್ನ ನಂಬ್ಕೊಂಡು ಹೊರಡಬೇಡಿ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಒಮ್ಮೆಲೇ ಸಾವಿರಾರು ಜನ ಅಲ್ಲಿಗೆ ನುಗ್ಗಿ ಗಲಾಟೆ ಆದ ಮೇಲೆ ಸರ್ಕಾರ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡ್ತು, ಈಗ ಅರಣ್ಯ ವಿಹಾರ ಅನ್ನೋ ಅರಣ್ಯ ಇಲಾಖೆ ವೆಬ್‌ಸೈಟಲ್ಲಿ ಮುಂಚೆನೇ ಬುಕ್ ಮಾಡ್ಬೇಕು. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ. ಮಳೆಗಾಲದಲ್ಲಿ, ಬೇಸಿಗೆಯ ಕಾಡ್ಗಿಚ್ಚಿನ ದಿನಗಳಲ್ಲಿ ದಾರಿ ಮುಚ್ಚಿರುತ್ತೆ, ಹಾಗಾಗಿ ದಿನಾಂಕ ಖಚಿತ ಮಾಡ್ಕೊಂಡೇ ಬಸ್ ಟಿಕೆಟ್ ತಗೊಳ್ಳಿ.