ಕೊಟ್ಟು ಕೊಟ್ಟು ಬರಿದಾದ ಭಕ್ತೆ: ಒಂದು ಆಪ್ತಸಲಹೆ ಪ್ರಕರಣ

ನಾನು ಅಮೆರಿಕದ ಮಿನೆಸೋಟದಲ್ಲಿ ಆಪ್ತಸಮಾಲೋಚಕಿ. ಇಲ್ಲಿ ಬರೆಯುತ್ತಿರುವ ಪ್ರಕರಣಕ್ಕೆ ಸಂಬಂಧಪಟ್ಟವರ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗದಂತೆ ಹೆಸರು, ಉದ್ಯೋಗ, ಮನೆಯ ವಿವರ ಎಲ್ಲವನ್ನೂ ಬದಲಿಸಿದ್ದೇನೆ. ಅವರನ್ನು ಲಿಂಡಾ ಎಂದು ಕರೆಯೋಣ. ವಯಸ್ಸು ನಲವತ್ತು ದಾಟಿದೆ, ಗ್ರಂಥಾಲಯದಲ್ಲಿ ಕೆಲಸ. ನಾರ್ವೆಯಿಂದ ವಲಸೆ ಬಂದ ಲೂಥರನ್ ಕ್ರೈಸ್ತ ಮನೆತನದಲ್ಲಿ ಹುಟ್ಟಿ, ಹರೆಯದಲ್ಲಿ ಹೀದನ್ ಧರ್ಮಕ್ಕೆ ಬಂದವರು.

ಕ್ರೈಸ್ತಧರ್ಮ ಬರುವ ಮೊದಲು ಉತ್ತರ ಯುರೋಪಿನ ಜನ ಓಡಿನ್, ಗುಡುಗಿನ ದೇವರು ಥಾರ್, ಫ್ರಿಗ್, ಫ್ರೇಯಾ ಮುಂತಾದ ದೇವದೇವತೆಯರನ್ನು, ಹಿರೀಕರನ್ನು, ನೆಲ ಕಾಯುವ ಶಕ್ತಿಗಳನ್ನು ಪೂಜಿಸುತ್ತಿದ್ದರು. ಆ ಪೂಜೆಯನ್ನು ಇಂದು ಮತ್ತೆ ಕೈಗೆತ್ತಿಕೊಂಡವರೇ ಹೀದನ್ನರು. ಐಸ್‌ಲ್ಯಾಂಡ್ ಕ್ರೈಸ್ತಧರ್ಮ ಒಪ್ಪಿದ್ದು ಸುಮಾರು 1000ನೇ ಇಸವಿಯಲ್ಲಿ. ಹಳೆಯ ದೇವರುಗಳ ಹೆಸರಿನಲ್ಲಿ ಅಲ್ಲಿ ಮತ್ತೆ ಸಂಘ ಕಟ್ಟಿದ್ದು 1972ರಲ್ಲಿ, ಸರ್ಕಾರ ಅದನ್ನು ಮಾನ್ಯ ಮಾಡಿದ್ದು 1973ರಲ್ಲಿ. ನಡುವೆ ಹೆಚ್ಚುಕಡಿಮೆ ಸಾವಿರ ವರ್ಷ. ಹಾಗಾಗಿ ಈ ಧರ್ಮದಲ್ಲಿ ಅಜ್ಜಿಯಿಂದ ಮೊಮ್ಮಗಳಿಗೆ ದಾಟಿ ಬಂದ ಪೂಜೆಯಿಲ್ಲ. ಹಳೆಯ ಐಸ್‌ಲ್ಯಾಂಡಿನ ಎಡ್ಡಾ ಕಾವ್ಯ, ಸಾಗಾ ಕಥನ, ಪುರಾತತ್ತ್ವದ ವರದಿ ಓದಿ ಒಬ್ಬೊಬ್ಬರೂ ತಮ್ಮ ನಡಾವಳಿ ಕಟ್ಟಿಕೊಳ್ಳಬೇಕು. ಇದನ್ನು ಇಷ್ಟು ವಿವರವಾಗಿ ಹೇಳುವುದಕ್ಕೆ ಕಾರಣವಿದೆ. ನಮ್ಮ ಮನೆಗಳಲ್ಲಿ ಸೂತಕ ಬಂದರೆ ದೇವರ ದೀಪ ಹಚ್ಚುವುದಿಲ್ಲ. ದೇವರು ಮುನಿಯುತ್ತಾನೆಂದು ಯಾರೂ ಹೆದರುವುದಿಲ್ಲ. ಪೂಜೆ ನಿಲ್ಲಿಸಬಹುದಾದ ದಿನಗಳನ್ನು ಹಿರಿಯರೇ ಗೊತ್ತುಮಾಡಿಟ್ಟಿದ್ದಾರೆ. ಲಿಂಡಾಗೆ ಹಾಗೆ ಹೇಳುವ ಹಿರಿಯರು ಯಾರೂ ಇರಲಿಲ್ಲ.

ಸುತ್ತಮುತ್ತಲಿನ ಹೀದನ್ನರ ಒಂದು ಸಣ್ಣ ಬಳಗವನ್ನು ಅವರು ವರ್ಷಗಟ್ಟಲೆ ನಡೆಸಿದ್ದರು. ಬ್ಲೋಟ್ ಎಂಬ ಅರ್ಪಣೆಯ ವಿಧಿಗೆ ಜೇನುಮದ್ಯ ತರುವುದರಿಂದ ಹಿಡಿದು ಹೊಸಬರಿಗೆ ಪಾಠ, ಜಗಳ ಬಿಡಿಸುವುದು, ಕಾಯಿಲೆ ಬಿದ್ದವರ ಮನೆಗೆ ಊಟ ತಲುಪಿಸುವುದರವರೆಗೆ ಎಲ್ಲವೂ ಅವರದೇ. ಇದರ ಜೊತೆಗೆ ಇನ್ನೊಂದು ಭಾರ. ಥಾರನ ಸುತ್ತಿಗೆಯನ್ನೂ ರೂನ್ ಲಿಪಿಯನ್ನೂ ಜನಾಂಗದ್ವೇಷಿಗಳು ತಮ್ಮ ಚಿಹ್ನೆ ಮಾಡಿಕೊಂಡಿದ್ದಾರೆ. ಅವರನ್ನು ಬಳಗದೊಳಕ್ಕೆ ಬಿಡದಂತೆ ಕಾಯುವ ಕೆಲಸವೂ ಲಿಂಡಾ ಹೆಗಲಿಗೇ ಬಿದ್ದಿತ್ತು. ಕೇಡು ಕಂಡರೆ ಕೇಡೆಂದು ಹೇಳು, ಹಗೆಗಳಿಗೆ ನೆಮ್ಮದಿ ಕೊಡಬೇಡ ಎನ್ನುವ ಹಾವಮಾಲ್ ಕಾವ್ಯದ 127ನೇ ಪದ್ಯ ಅವರಿಗೆ ಬಾಯಿಪಾಠ. ಹಗೆಗಳಿಗೆ ಕೊಡದ ನೆಮ್ಮದಿಯನ್ನು ತಮಗೂ ಕೊಟ್ಟುಕೊಂಡಿರಲಿಲ್ಲ.

ಇಷ್ಟರ ನಡುವೆ ತಾಯಿ ತೀರಿಕೊಂಡರು. ಯಾರಿಗೆ ಏನಾದರೂ ಬಳಗದಲ್ಲಿ ಫೋನ್ ಮಾಡುತ್ತಿದ್ದವರು ಲಿಂಡಾ. ಈಗ ಅವರಿಗೆ ಯಾರೂ ಮಾಡಲಿಲ್ಲ.

ನನ್ನ ಬಳಿ ಬಂದಾಗ ಮನೆಯ ಪೂಜೆ ನಿಂತು ಬಹಳ ತಿಂಗಳಾಗಿತ್ತು. ಪುಸ್ತಕದ ಕಪಾಟಿನ ಮೇಲೆ ಓಡಿನ್ ಮತ್ತು ಥಾರನ ಮರದ ಮೂರ್ತಿಗಳು, ಮುಂದೆ ಮಣ್ಣಿನ ಬಟ್ಟಲು. ಕೊನೆಯ ಸಲ ಅರ್ಪಿಸಿದ ಜೇನುಮದ್ಯವನ್ನು ಹೊರಗೆ ಚೆಲ್ಲಿಯೇ ಇರಲಿಲ್ಲ. ಅದು ಬಟ್ಟಲಲ್ಲೇ ಒಣಗಿ, ಕಂದು ಬಣ್ಣದ ಅಂಟು ಉಂಗುರವಾಗಿ, ಅದರ ಮೇಲೆ ಧೂಳೂ ಒಂದು ಸತ್ತ ನೊಣವೂ ಕೂತಿದ್ದವು. ಫೋಟೋ ತೋರಿಸಿ, "ಇದನ್ನು ತೊಳೆಯುವುದಕ್ಕೂ ನನ್ನ ಕೈ ಏಳುತ್ತಿಲ್ಲ" ಎಂದರು. "ನಿಮ್ಮ ಹತ್ತಿರ ಯಾಕೆ ಬಂದೆನೆಂದರೆ, ದೇವರು ಹಲವರಿದ್ದಾರೆ ಅನ್ನುವುದನ್ನು ನಿಮಗೆ ಮೊದಲಿನಿಂದ ವಿವರಿಸಬೇಕಾಗಿಲ್ಲ."

ಮೊದಲು ದೇಹದ ಮಾತು. ಹೀಗೆ ಬಸವಳಿದು ಬಂದವರಲ್ಲಿ ಖಿನ್ನತೆ ಇದೆಯೇ ಎಂದು ನೋಡದೆ ಭಕ್ತಿಯ ಚರ್ಚೆಗೆ ಇಳಿಯುವುದು ತಪ್ಪು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟನ್ನು ಕಾಯಿಲೆಯೆಂದು ಗಣಿಸದೆ, ಉದ್ಯೋಗಕ್ಕೆ ಸಂಬಂಧಪಟ್ಟ ಸ್ಥಿತಿ ಎಂದು ವಿವರಿಸಿತು: ಶಕ್ತಿ ಬತ್ತುವುದು, ಕೆಲಸದಿಂದ ಮನಸ್ಸು ದೂರವಾಗುವುದು, ಮಾಡಿದ್ದೆಲ್ಲ ವ್ಯರ್ಥವೆನಿಸುವುದು. ಬಳಗದ ಸೇವೆ ಸಂಬಳದ ಕೆಲಸವಲ್ಲ, ಆದರೂ ಲಿಂಡಾ ಅವರಲ್ಲಿ ಮೂರೂ ಇದ್ದವು. ನಿದ್ದೆ, ಹಸಿವು, ಸಾಯುವ ಯೋಚನೆ ಇವನ್ನು ಕೇಳಿದೆ. ವೈದ್ಯರಲ್ಲಿಗೆ ಕಳಿಸಿ ಥೈರಾಯ್ಡ್, ಕಬ್ಬಿಣಾಂಶದ ರಕ್ತಪರೀಕ್ಷೆ ಮಾಡಿಸಿದೆವು. ದೊಡ್ಡ ತೊಂದರೆಯೇನೂ ಕಾಣಲಿಲ್ಲ. ಉಳಿದದ್ದು ದಣಿವು, ದುಃಖ ಮತ್ತು ಹೆದರಿಕೆ.

ಹೆದರಿಕೆ ಒಂದು ಆಣೆಯದು. ಬಳಗದ ಪಾನಗೋಷ್ಠಿಯಲ್ಲಿ, ಎಲ್ಲರೆದುರು ಕಡಗ ಮುಟ್ಟಿ, ಒಂದು ವರ್ಷ ದಿನವೂ ಓಡಿನ್‌ಗೆ ಅರ್ಪಣೆ ಮಾಡುತ್ತೇನೆಂದು ಆಣೆ ಮಾಡಿದ್ದರು. ಅದು ನಡುವೆಯೇ ಮುರಿದಿತ್ತು. ಹೀದನ್ನರಲ್ಲಿ ಆಣೆ ಮುರಿಯುವುದು ಸಣ್ಣ ವಿಷಯವಲ್ಲ. ವೊಲುಸ್ಪಾ ಕಾವ್ಯದಲ್ಲಿ ಸುಳ್ಳಾಣೆ ಇಟ್ಟವರು ಸತ್ತ ಮೇಲೆ ಭಾರದ ಹೊಳೆಯಲ್ಲಿ ಕಾಲೆಳೆದು ನಡೆಯುತ್ತಾರೆ. "ಅದೆಲ್ಲ ಕಥೆ, ಬಿಡಿ" ಎನ್ನುವ ಅಧಿಕಾರ ನನಗಿಲ್ಲ. ಆಣೆಯಿಂದ ಬಿಡುಗಡೆ ಕೊಡುವ ಅಧಿಕಾರವೂ ಇಲ್ಲ. ಹಾಗಾಗಿ ಅದನ್ನು ಸೇರಬೇಕಾದ ಕಡೆಗೇ ಕಳಿಸಿದೆ: "ಯಾರೆದುರು ಆಣೆ ಮಾಡಿದಿರೋ ಅವರೆದುರೇ ಹೇಳಿ. ನಿಮ್ಮ ಹಳೆಯ ಕಾನೂನಿನಲ್ಲಿ ಕೊಲೆಗೂ ಪರಿಹಾರದ್ರವ್ಯ ಕೊಟ್ಟು ರಾಜಿಯಾಗುತ್ತಿದ್ದರಲ್ಲ. ಇದಕ್ಕೇನು ಪರಿಹಾರ ಎಂದು ಅವರನ್ನೇ ಕೇಳಿ." ಬಳಗದವರಿಗೆ ಅಲ್ಲಿಯವರೆಗೆ ಆಣೆ ಮುರಿದದ್ದೂ ಗೊತ್ತಿರಲಿಲ್ಲ, ತಾಯಿಯ ಸಾವು ಇಷ್ಟು ತಟ್ಟಿದೆಯೆಂಬುದೂ ಗೊತ್ತಿರಲಿಲ್ಲ. ಅವರು ಗೊತ್ತುಮಾಡಿದ ಪರಿಹಾರ ಇದು: ಲಿಂಡಾ ಒಂದು ಚಳಿಗಾಲ ಪೂರ್ತಿ ಯಾವ ವಿಧಿಯನ್ನೂ ನಡೆಸಬಾರದು, ಆ ಕೆಲಸವನ್ನು ಬೇರೆಯವರು ಕಲಿಯುವಾಗ ಬರೀ ಕೂತು ನೋಡಬೇಕು. ನನಗೆ ಇದಕ್ಕಿಂತ ಒಳ್ಳೆಯ ಸಲಹೆ ಹೊಳೆಯುತ್ತಿರಲಿಲ್ಲ.

ಇನ್ನು ಮನೆಯ ಪೂಜೆ. ನಿಮ್ಮ ಕಥೆಗಳಲ್ಲಿ ದೇವರ ಮೇಲೆ ಮುನಿಸಿಕೊಂಡವರು ಯಾರೂ ಇಲ್ಲವೇ ಎಂದು ಕೇಳಿದೆ. ತುಸು ಹೊತ್ತು ಸುಮ್ಮನಿದ್ದು ಎಗಿಲ್‌ನ ಕಥೆ ಹೇಳಿದರು. ಹತ್ತನೇ ಶತಮಾನದ ಐಸ್‌ಲ್ಯಾಂಡಿನ ಕವಿ ಎಗಿಲ್ ಸ್ಕಲ್ಲಗ್ರಿಮ್ಸನ್‌ನ ಮಗ ಕಡಲಲ್ಲಿ ಮುಳುಗಿ ಸತ್ತ. ಅಪ್ಪ ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು ಅನ್ನನೀರು ಬಿಟ್ಟ. ಮಗಳು ಥೋರ್ಗೆರ್ಡ್ ಬಂದು, ತಾನೂ ಜೊತೆಗೆ ಸಾಯುತ್ತೇನೆಂದು ಒಳಗೆ ಸೇರಿಕೊಂಡಳು. ಬೇಗ ಸಾಯಲೆಂದು ಎಂದು ಹೇಳದೆ, ಬೇಗ ಸಾಯೋಣ ಎನ್ನುತ್ತಾ ಕಡಲಪಾಚಿ ಅಗಿದಳು, ಅಪ್ಪನಿಗೂ ಅಗಿಯಲು ಕೊಟ್ಟಳು. ಬಾಯಾರಿ ನೀರು ಕೇಳಿದರೆ ಬಂದದ್ದು ಹಾಲು. ಕುಡಿದ ಮೇಲೆ, ಹೇಗೂ ಬದುಕಿದೆವಲ್ಲ, ತಮ್ಮನ ಮೇಲೊಂದು ಹಾಡು ಕಟ್ಟು ಎಂದಳು. ಆ ಹಾಡಿನಲ್ಲಿ ಎಗಿಲ್ ಓಡಿನ್‌ನನ್ನು ಸ್ನೇಹ ಮುರಿದವನೆನ್ನುತ್ತಾನೆ, ನಾನೀಗ ಮನಸ್ಸಿಟ್ಟು ನಿನ್ನ ಪೂಜೆ ಮಾಡುವುದಿಲ್ಲ ಎನ್ನುತ್ತಾನೆ. ಆದರೂ ಕವಿತೆಯ ಶಕ್ತಿ ಕೊಟ್ಟವನು ಅವನೇ ಎಂದು ಒಪ್ಪುತ್ತಾನೆ.

ಕಥೆ ಮುಗಿಸುವಾಗ ಲಿಂಡಾ ಅಳುತ್ತಿದ್ದರು. "ನಾನು ಇದನ್ನು ಹೊಸಬರಿಗೆ ಎಷ್ಟು ಸಲ ಪಾಠ ಮಾಡಿದ್ದೇನೆ!" ಎಂದರು. ಮುನಿಸಿದ್ದರೆ ಅದನ್ನೂ ಮೂರ್ತಿಯ ಮುಂದೆಯೇ ಹೇಳಿ, ಕೈಯಲ್ಲಿ ಏನನ್ನೂ ಹಿಡಿದುಕೊಂಡು ಹೋಗಬೇಡಿ ಎಂದೆ.

ಆಮೇಲೆ ಕೊಟ್ಟ ಸಲಹೆಗಳು ತೀರ ಸಣ್ಣವು. ಬಟ್ಟಲು ತೊಳೆದು ಒರೆಸಿ ಬೋರಲು ಇಡಿ. ಸದ್ಯಕ್ಕೆ ಅದು ಖಾಲಿ ಇರಲಿ. ಧರ್ಮದ ಪುಸ್ತಕ ಓದುವುದನ್ನು ನಿಲ್ಲಿಸಿ. ಬಳಗದ ಸಂದೇಶಗಳನ್ನು ಮನೆಯ ಪೂಜೆಯ ಜಾಗದಲ್ಲಿ ಕೂತು ನೋಡಬೇಡಿ. ಹೊಸ ಆಣೆ ಬೇಡವೇ ಬೇಡ. ಬಸವಳಿದು ಎದ್ದವರು ಮೊದಲು ಮಾಡುವುದೇ ಇನ್ನೊಂದು ದೊಡ್ಡ ಸಂಕಲ್ಪ. ಅದು ಮುರಿದಾಗ ಮೊದಲಿಗಿಂತ ಕೆಳಗೆ ಬೀಳುತ್ತಾರೆ. ಅವರಿಗೆ ಇದನ್ನು ಒಪ್ಪುವುದು ಕಷ್ಟವಾಯಿತು, ಒಂಬತ್ತು ರಾತ್ರಿ ಮರಕ್ಕೆ ನೇತುಬಿದ್ದು ತನ್ನನ್ನು ತನಗೇ ಅರ್ಪಿಸಿಕೊಂಡ ದೇವರ ಭಕ್ತೆ ಅವರು. ಆದರೆ ಅದೇ ಓಡಿನ್‌ನ ಮಾತೆಂದು ಹೇಳುವ ಹಾವಮಾಲ್‌ನಲ್ಲೇ, ಅತಿಯಾಗಿ ಅರ್ಪಿಸುವುದಕ್ಕಿಂತ ಬೇಡದೆ ಇರುವುದೇ ಮೇಲು, ಕೊಡುಗೆ ಯಾವಾಗಲೂ ಮರುಕೊಡುಗೆಯ ದಾರಿ ಕಾಯುತ್ತದೆ ಎಂಬ ಪದ್ಯವೂ ಇದೆ. ಅದನ್ನು ನೆನಪಿಸಿದವಳು ನಾನು, ಅರ್ಥ ಬಿಡಿಸಿದವರು ಅವರು: "ನಾನು ಕೊಡುತ್ತಲೇ ಹೋದೆ. ಅವರು ಏನಾದರೂ ಕೊಡುವುದಕ್ಕೆ ಜಾಗವನ್ನೇ ಬಿಡಲಿಲ್ಲ."

ಮತ್ತೆ ಶುರುವಾದದ್ದು ದೇವರಿಂದಲ್ಲ, ಅಮ್ಮನಿಂದ. ಕ್ರೈಸ್ತಳಾಗಿ ಬದುಕಿ ಸತ್ತ ತಾಯಿಗೆ ಹೀದನ್ ರೀತಿಯಲ್ಲಿ ಅರ್ಪಣೆ ಮಾಡಬಹುದೇ ಎಂಬ ಪ್ರಶ್ನೆ ಅವರನ್ನು ಕಾಡುತ್ತಿತ್ತು. ಮಹಾಲಯದಲ್ಲಿ ಸತ್ತವರಿಗೆ ಇಷ್ಟವಾದದ್ದನ್ನೇ ಎಡೆ ಇಡುವ ನಮ್ಮ ರೂಢಿಯನ್ನು ಹೇಳಬೇಕೆನಿಸಿತು, ಹೇಳಲಿಲ್ಲ. ಅವರ ಉತ್ತರ ಅವರ ನೆಲದಿಂದಲೇ ಬರಲಿ ಎಂದು ಅಮ್ಮನಿಗೆ ಏನು ಇಷ್ಟವಿತ್ತು ಎಂದಷ್ಟೇ ಕೇಳಿದೆ. ತಿಳಿ ಕಪ್ಪು ಕಾಫಿ, ಚರ್ಚಿನ ನೆಲಮಾಳಿಗೆಯಲ್ಲಿ ಕೊಡುವಂಥದು, ಎಂದರು. ಭಾನುವಾರ ಬೆಳಿಗ್ಗೆ ಎರಡು ಲೋಟ ಕಾಫಿ ಮಾಡಿ, ಒಂದನ್ನು ಅಮ್ಮನ ಫೋಟೋ ಮುಂದಿಟ್ಟು, ಇನ್ನೊಂದನ್ನು ತಾವು ಕುಡಿಯತೊಡಗಿದರು. ಜೊತೆಗೆ ಅಮ್ಮ ಊಟಕ್ಕೆ ಮುಂಚೆ ಹೇಳುತ್ತಿದ್ದ ಲೂಥರನ್ ಪ್ರಾರ್ಥನೆ. ಬೇಸಗೆಯ ಹೊತ್ತಿಗೆ, ಗುಡುಗು ಕೇಳಿದಾಗಲೆಲ್ಲ ಬಾಗಿಲಿಗೆ ಬಂದು ಥಾರನಿಗೆ "ಬಂದೆಯಾ" ಎನ್ನುವುದು ತಾನಾಗಿ ಸೇರಿಕೊಂಡಿತು. ಅದಕ್ಕೆ ಬಟ್ಟಲೂ ಬೇಡ, ಮದ್ಯವೂ ಬೇಡ.

ಓಡಿನ್‌ನ ಜೊತೆಗಿನ ಲೆಕ್ಕ ಇನ್ನೂ ಮುಗಿದಿಲ್ಲ. ಕೆಲವು ವಾರ ಮಾತಾಡುತ್ತಾರೆ, ಕೆಲವು ವಾರ ಇಲ್ಲ. ಅಕ್ಟೋಬರಿನ ಚಳಿಗಾಲದ ಹಬ್ಬಕ್ಕೆ ಬಳಗದ ಮನೆಗೆ ಅತಿಥಿಯಾಗಿ ಹೋಗುತ್ತಾರೆ. ಅಡುಗೆ, ವಿಧಿ, ಫೋನ್ ಕರೆಗಳ ಜವಾಬ್ದಾರಿಯನ್ನು ಈಗ ಬೇರೆ ಬೇರೆಯವರು ಹಂಚಿಕೊಂಡಿದ್ದಾರೆ. ನನ್ನಲ್ಲಿಗೆ ಬರುವುದನ್ನು ತಿಂಗಳಿಗೊಮ್ಮೆಗೆ ಇಳಿಸಿದ್ದೇವೆ, ಈಚಿನ ಮಾತುಕತೆಯೆಲ್ಲ ಅಮ್ಮನದೇ.